ಸೊಸೆಯ ಬೆನ್ನು

ಗಾಡಿಗಳ ಸಾಲಿನ ನಡುವೆ ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕೆಂಜೆಗುಲ್ ತಲೆವಸ್ತ್ರದ ಪಿನ್ನು ಬಿಚ್ಚಿ ಎಡಗೈಯ ಉಂಗುರದ ಬೆರಳಿಗೆ ಚುಚ್ಚಿಕೊಂಡಳು. ಹನಿ ಮೂಡಿತು. ಅದನ್ನು ಒರೆಸಿದಳು. ಇನ್ನೊಂದು ಮೂಡಿತು, ಮೊದಲಿನದಕ್ಕಿಂತ ಸಣ್ಣದು. ಹೊಲಿಗೆಯ ಕಾರ್ಖಾನೆಯಲ್ಲಿ ಶಾಲಾ ಮಕ್ಕಳ ಅಂಗಿಗೆ ಕಾಲರು ಕೂಡಿಸುವ ಅವಳಿಗೆ ಸೂಜಿ ಚುಚ್ಚುವುದೇನೂ ಹೊಸದಲ್ಲ. ಚುಚ್ಚಿದ್ದನ್ನು ಬಾಯಿಗಿಟ್ಟು ಚೀಪಿ ಮುಂದಿನ ಕಾಲರಿಗೆ ಕೈಹಾಕುವವಳು. ಆದರೆ ಪ್ರಯೋಗಾಲಯದವರು ಫೋನಿಗೆ ಫಲಿತಾಂಶ ಕಳಿಸಿದ ಮೇಲೆ ಬೇಕೆಂದೇ ಚುಚ್ಚಿಕೊಂಡು, ರಕ್ತ ನಿಲ್ಲುತ್ತದೋ ಇಲ್ಲವೋ ಎಂದು ಕಾಯುವುದು ಒಂದು ಚಟವಾಗಿಬಿಟ್ಟಿತ್ತು. ಆ ಫಲಿತಾಂಶದಲ್ಲಿ ಹತ್ತಾರು ಸಾಲುಗಳಿದ್ದವು. ಒಂದರ ಮುಂದೆ ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ ಎಂದಿತ್ತು, ಅದರ ಪಕ್ಕದಲ್ಲಿ ಕೆಳಗೆ ಮುಖ ಮಾಡಿದ ಕೆಂಪು ಬಾಣ. ಗಾತ್ರ ಕಡಿಮೆ. ಯಾಕೆಂದು ಹೇಳಲು ಅಲ್ಲಿ ಮನುಷ್ಯರಿರಲಿಲ್ಲ, ಬಾಣ ಮಾತ್ರ. ಫೋನಿನಲ್ಲಿ ಹುಡುಕಿದಾಗ ಮೊದಲು ಸಿಕ್ಕ ಪುಟದಲ್ಲಿ ಅಸ್ಥಿಮಜ್ಜೆ ಎಂಬ ಮಾತಿತ್ತು, ಎರಡನೆಯದರಲ್ಲೂ ಇತ್ತು, ಮೂರನೆಯದನ್ನು ಅವಳು ತೆರೆಯಲಿಲ್ಲ. ಈಗ ಬೆರಳನ್ನು ಒತ್ತಿ ಹಿಡಿದುಕೊಂಡು, ಇವತ್ತು ಒಂದು ಗಾಡಿ ಕೊಳ್ಳಲಿಕ್ಕಿದೆ, ಕೊಳ್ಳುವ ಮೊದಲೇ ಹೇಳಬೇಕು, ಹೇಳದಿದ್ದರೆ ಅದು ಮೋಸ ಎಂದುಕೊಂಡಳು. ಬೆಳಗಿನಿಂದ ಅದೇ ಮಾತು, ಬೇರೆ ಬೇರೆ ವಾಕ್ಯಗಳಲ್ಲಿ.

ಮೋಸ ಯಾಕೆಂದರೆ ಆ ಮನೆಯಲ್ಲಿ ಗಾಡಿ ಓಡಿಸಬಲ್ಲವಳು ಅವಳೊಬ್ಬಳೇ. ಗಂಡ ತಿಲೆಕ್‌ನ ಎಡಗಣ್ಣಿಗೆ ಚಿಕ್ಕಂದಿನಲ್ಲಿ ಬೇಲಿಯ ತಂತಿ ಬಡಿದು ನೋಟ ಹೋಗಿ, ಲೈಸೆನ್ಸು ಯಾವತ್ತೂ ಸಿಗಲಿಲ್ಲ. ಮಾವ ಮೂವತ್ತು ವರ್ಷ ಕಣಿವೆಯ ರಸ್ತೆಯಲ್ಲಿ ಲಾರಿ ಓಡಿಸಿದವರು, ಆದರೆ ಈಗ ಅವರ ಕೈ ಚಹಾದ ಬಟ್ಟಲನ್ನು ತುಟಿಗೆ ಮುಟ್ಟಿಸುವಷ್ಟರಲ್ಲಿ ಅರ್ಧ ಚೆಲ್ಲುತ್ತದೆ. ಮಾವನ ಹೆಸರನ್ನು ಅವಳು ಮದುವೆಯಾದಾಗಿನಿಂದ ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ, ಸೊಸೆ ಆಡಬಾರದು, ಆದ್ದರಿಂದ ನಾವೂ ಅವರನ್ನು ಆತಾ, ಅಂದರೆ ಅಪ್ಪ, ಎಂದೇ ಕರೆಯೋಣ. ಅತ್ತೆ, ಅಂದರೆ ಅಪಾ, ಮಂಡಿ ನೋವಿನವರು. ತಮ್ಮೂರು ಕೊಚ್ಕೋರಿನಿಂದ ರಾಜಧಾನಿ ಬಿಷ್ಕೆಕ್ಕಿಗೆ ಬರುವ ಬಾಡಿಗೆ ವ್ಯಾನಿಗೆ ಅಪಾರನ್ನು ಹತ್ತಿಸಲು ಇವತ್ತು ಬೆಳಿಗ್ಗೆ ತಿಲೆಕ್ ಮೇಲಿಂದ ಎಳೆದ, ಇವಳು ಕೆಳಗಿಂದ ನೂಕಿದಳು, ಒಳಗೆ ಕೂತಿದ್ದವನೊಬ್ಬ ಹಿಟ್ಟಿನ ಮೂಟೆಗಾದರೂ ಹಿಡಿಕೆ ಇರುತ್ತದೆ ಎಂದ. ವ್ಯಾನೆಲ್ಲ ನಕ್ಕಿತು. ಅಪಾ ಕೂಡ ನಕ್ಕರು, ಆಮೇಲೆ ಕಣಿವೆ ದಾಟುವವರೆಗೂ ಮಾತಾಡಲಿಲ್ಲ. ಹಿರಿಯರು ಇಬ್ಬರು, ಗಂಡ ಹೆಂಡತಿ ಇಬ್ಬರು, ಮಕ್ಕಳು ಮೂವರು: ಏಳು ಸೀಟು ಬೇಕು. ಅದಕ್ಕೇ ಆತಾ ತಮ್ಮ ಎರಡು ಹೆಣ್ಣುಕುದುರೆ ಮಾರಿದ್ದು. ಏಳು ಸೀಟಿನ ಗಾಡಿ ಅಂಗಳದಲ್ಲಿ ನಿಂತಿರುವುದು ಕೆಂಜೆಗುಲ್‌ಗೆ ಕಾಣುತ್ತಿತ್ತು. ಆರು ಜನ ತಮ್ಮ ತಮ್ಮ ಜಾಗದಲ್ಲಿ ಕೂತು ಕಾಯುತ್ತಿದ್ದಾರೆ, ಸ್ಟಿಯರಿಂಗಿನ ಮುಂದೆ ಯಾರೂ ಇಲ್ಲ, ಕೋಳಿಗಳು ಚಕ್ರದ ಕೆಳಗೆ ಗುಳಿ ಮಾಡಿಕೊಂಡು ಮಲಗಿವೆ. ಆಮೇಲೆ ತಿಲೆಕ್ ಇನ್ನೊಬ್ಬಳನ್ನು ತರುತ್ತಾನೆ, ತಂದೇ ತರುತ್ತಾನೆ, ಆದರೆ ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ. ಈ ಯೋಚನೆ ಬಂದಾಗ ಅವಳಿಗೆ ಒಳಗೊಳಗೇ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯಾಯಿತು, ಬೆರಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು.

“ಕೆಲಿನ್, ಎಲ್ಲಿ ಸತ್ತೆ?” ಎಂದು ಅಪಾ ಕೂಗಿದರು. ಕೆಲಿನ್ ಎಂದರೆ ಸೊಸೆ, ಅವರು ಹಾಗೆಯೇ ಕೂಗುವುದು, ಆ ಮಾತಿನಲ್ಲಿ ಏನೂ ಇರಲಿಲ್ಲ. ಆದರೂ ಅವಳು ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಓಡಿದಳು.

ಭಾನುವಾರದ ಗಾಡಿ ಬಜಾರಿನಲ್ಲಿ ಆತಾ ಮುಂದೆ, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬಿಳಿಯ ಕಲ್ಪಾಕ್ ಟೋಪಿಯನ್ನು ನೆಟ್ಟಗೆ ಇಟ್ಟುಕೊಂಡು ನಡೆಯುತ್ತಿದ್ದರು. ಕುದುರೆ ಸಂತೆಯಲ್ಲಿ ನಡೆಯುವುದೂ ಹೀಗೆಯೇ. ಬೆಲೆ ಕೇಳುವುದಿಲ್ಲ, ಹೊಗಳುವುದಿಲ್ಲ, ಚಕ್ರಕ್ಕೆ ಬೂಟಿನ ತುದಿ ತಾಗಿಸಿ ಮುಂದೆ ಹೋಗುತ್ತಾರೆ. ಒಂದು ನೀಲಿ ಗಾಡಿಯ ಮುಂದೆ ಮಾತ್ರ ನಿಂತರು. ಮಾರುವ ಯುವಕ ಬಾಗಿಲನ್ನು ಜಾರಿಸಿ ತೆರೆದು, ಹತ್ತಿ ನೋಡಿ ಅಪಾ, ಎಂದ. ಅಪಾ ಹತ್ತಿದರು, ಮೆಟ್ಟಿಲು ತಗ್ಗಿತ್ತು. ಹತ್ತಿದವರು ನಡುವಿನ ಸಾಲಿನಲ್ಲಿ ಕೂರದೆ, ಸೀಟುಗಳ ಸಂದಿಯಲ್ಲಿ ನುಸುಳಿ, ಕಷ್ಟಪಟ್ಟು ಕಟ್ಟಕಡೆಯ ಸಾಲಿಗೆ ಹೋಗಿ ಕೂತರು.

“ಅಲ್ಲಿ ಕುಲುಕಾಟ ಜಾಸ್ತಿ ಅಪಾ, ಮಧ್ಯೆ ಕೂತ್ಕೊಳ್ಳಿ” ಎಂದ ತಿಲೆಕ್.

“ತೋರ್ ಎಲ್ಲಿರತ್ತೆ? ಬಾಗಿಲಿಂದ ದೂರ ಇರತ್ತೆ. ಬಾಗಿಲ ಹತ್ರ ಕೂರೋಕೆ ನಾನೇನು ನೆನ್ನೆ ಬಂದ ಸೊಸೆನಾ?” ಎಂದು ಅಪಾ ಲಂಗ ಸರಿಪಡಿಸಿಕೊಂಡರು. ಮನೆಯೊಳಗೆ ಹಿರಿಯರ ಜಾಗ, ತೋರ್, ಬಾಗಿಲಿನ ಎದುರಿನ ಕೊನೆ. ಗಾಡಿಗೆ ಮಾತ್ರ ಬೇರೆ ನಿಯಮ ಇರಲು ಅದೇನು ಆಕಾಶದಿಂದ ಇಳಿದದ್ದೇ?

ಆತಾ ಗಾಡಿಯ ಸುತ್ತ ಒಂದು ಸುತ್ತು ಬಂದು, “ಇಳಿ” ಎಂದರು. “ಇದಕ್ಕೆ ಬಾಗಿಲು ಎಡಕ್ಕೆ ಒಂದೇ.” ಅಷ್ಟೇ ಹೇಳಿದ್ದು. ಮಾರುವವನಿಗೂ ಅರ್ಥವಾಯಿತು, ಕೆಂಜೆಗುಲ್‌ಗೂ. ಜಪಾನಿನಿಂದ ಬಂದ ಈ ಗಾಡಿಗಳಿಗೆ ಸ್ಟಿಯರಿಂಗು ಬಲಕ್ಕೆ, ಜಾರುವ ಬಾಗಿಲು ಎಡಕ್ಕೆ. ನಾವು ಓಡಿಸುವುದು ರಸ್ತೆಯ ಬಲಬದಿಯಲ್ಲಿ. ನಿಲ್ಲಿಸಿದಾಗೆಲ್ಲ ಅಪಾ ಇಳಿಯುವುದು ಹಾದುಹೋಗುವ ಲಾರಿಗಳ ಬಾಯಿಗೆ. ಎರಡೂ ಕಡೆ ಬಾಗಿಲಿರುವುದು ಬೇಕು. ಇದನ್ನು ಅವಳು ಬೆಳಿಗ್ಗೆಯೇ ಯೋಚಿಸಿದ್ದಳು. ಆದರೆ ಮಾವನ ಎದುರು ಬಾಯಿಬಿಟ್ಟಿರಲಿಲ್ಲ. ಅವರೇ ಹೇಳಿದ್ದು ಒಳ್ಳೆಯದಾಯಿತು ಎನ್ನಿಸಿದ ಹಾಗೇ, ಯೋಚಿಸಿದ್ದು ತಾನು ಎಂದು ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು ಚುರುಕ್ಕೆಂದಿತು. ಅಪಾ ಇಳಿಯುವಾಗ ಇವಳು ತೋಳು ಕೊಟ್ಟಳು. ಕೊಡುವಾಗ ಮೈಯನ್ನು ಹೇಗೋ ತಿರುಚಿ, ಆತಾ ನಿಂತ ಕಡೆಗೆ ಬೆನ್ನು ಬೀಳದ ಹಾಗೆ ನೋಡಿಕೊಂಡಳು.

ಬೆನ್ನಿನ ವಿಷಯ ಹೀಗೆ. ಮದುವೆಯಾದ ಮೊದಲ ಚಳಿಗಾಲ, ಒಲೆಗೆ ಕಲ್ಲಿದ್ದಲು ಹಾಕಲು ಎದ್ದವಳು ಮೈಮರೆತು ಮಾವನಿಗೆ ಬೆನ್ನು ಮಾಡಿ ನಿಂತಿದ್ದಳು. ಬೈಗುಳ ಬರಲಿಲ್ಲ. ಒಂದು ಕೆಮ್ಮು ಬಂತು. ಗಂಟಲಿಗೆ ಏನೂ ಆಗದಿದ್ದರೂ ಕೆಮ್ಮುವ ಕೆಮ್ಮು. ಅಲ್ಲಿ ನೆಂಟರು ಇದ್ದರು, ತಿಲೆಕ್‌ನ ಅಕ್ಕಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು, ಇವಳ ಕಿವಿ ಒಲೆಗಿಂತ ಬಿಸಿಯಾಯಿತು. ಅಂದಿನಿಂದ ಅವಳು ಆ ಕೋಣೆಯಿಂದ ಹೊರಗೆ ಹೋಗಿದ್ದೆಲ್ಲ ಹಿಮ್ಮುಖವಾಗಿಯೇ, ಹಿಮ್ಮಡಿಯಿಂದ ಹೊಸಿಲು ಹುಡುಕುತ್ತಾ, ಕೈಯಲ್ಲಿ ಬಟ್ಟಲುಗಳ ತಟ್ಟೆ, ಬಸುರಿಯಾಗಿದ್ದಾಗಲೂ. ಡ್ರೈವಿಂಗ್ ಶಾಲೆಯಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವ ಪರೀಕ್ಷೆಯಲ್ಲಿ ಇಡೀ ತರಗತಿಗೆ ಮೊದಲು ಪಾಸಾದದ್ದು ಅವಳೇ. ಅಲ್ಲಿ ಕಲಿಸುವ ಗುರು, ಎಲ್ಲಿ ಕಲಿತೆ ಎಂದು ಕೇಳಿದ್ದ. ಮನೆಯಲ್ಲಿ ಎಂದಿದ್ದಳು. ಈಗ ಗಾಡಿ ಕೊಂಡರೆ ಓಡಿಸುವುದು ಅವಳು, ಆತಾ ಕೂರುವುದು ಹಿಂದೆ. ಹಿಂದೆ ಕೂತವರಿಗೆ ಕಾಣುವುದು ಏನು? ಕೊಚ್ಕೋರಿನಿಂದ ಬಿಷ್ಕೆಕ್ಕಿನವರೆಗೆ ಸೊಸೆಯ ಬೆನ್ನು. ಈ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ಎಲ್ಲರೂ ಯೋಚಿಸುತ್ತಿದ್ದರು. ಇದಕ್ಕಿಂತ ಸಾಯುವುದೇ ಸುಲಭ ಎಂದು ಒಂದು ಕ್ಷಣ ಅನ್ನಿಸಿ, ಛೆ, ಎಂದುಕೊಂಡಳು.

ಎರಡೂ ಕಡೆ ಬಾಗಿಲಿದ್ದ ಬೂದು ಬಣ್ಣದ ಗಾಡಿ ಸಾಲಿನ ಕೊನೆಯಲ್ಲಿತ್ತು. ಅದರ ಪಕ್ಕ ಮಡಚುವ ಕುರ್ಚಿಯಲ್ಲಿ ದಪ್ಪಗಿನ ಹೆಂಗಸೊಬ್ಬಳು ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಗಂಡಸರ ಜಾಕೆಟ್ಟು. ಹೆಸರು ಅನಾರ್ಕುಲ್ ಎಂದಳು. ಮಕ್ಕಳು ದೊಡ್ಡವರಾದರು, ಒಬ್ಬಳಿಗೆ ಇಷ್ಟು ಸೀಟು ಯಾಕೆ, ಖಾಲಿ ಸೀಟುಗಳು ಹಿಂದಿನಿಂದ ನನ್ನನ್ನೇ ನೋಡಿದ ಹಾಗಾಗುತ್ತದೆ ಎಂದಳು. ಅಪಾ ಹತ್ತಿ ಸೀದಾ ಹಿಂದಿನ ಸಾಲಿಗೆ ಹೋಗಿ ಕೂತು, ಬಲಗಡೆಯಿಂದ ಇಳಿದು, ಮತ್ತೆ ಎಡಗಡೆಯಿಂದ ಹತ್ತಿ, ಮತ್ತೆ ಇಳಿದರು. ಅವರ ಮುಖದಲ್ಲಿ ಬೆಳಗಿನ ವ್ಯಾನಿನ ನಗು ಸ್ವಲ್ಪ ಸ್ವಲ್ಪವಾಗಿ ಅಳಿಸಿಹೋಗುವುದನ್ನು ಕೆಂಜೆಗುಲ್ ಕಂಡಳು. ಆತಾ ಬಾನೆಟ್ಟು ಎತ್ತಿಸಿ ನೋಡಿದರು. ಬಗ್ಗಿ ನೆಲ ನೋಡಿದರು. ಆಮೇಲೆ ದೂರ ಹೋಗಿ ನಿಂತು, “ಓಡಿಸ್ಲಿ. ನಾನು ಇಲ್ಲಿಂದ ಕೇಳ್ತೀನಿ” ಎಂದರು. ಗಾಡಿಯ ಆರೋಗ್ಯವನ್ನು ಹೊರಗೆ ನಿಂತು ಕಿವಿಯಿಂದ ಕೇಳಬೇಕೆಂಬುದು ಅವರ ಹಳೆಯ ಅಭ್ಯಾಸ. ನಿಜ. ಒಳಗೆ ಕೂತರೆ ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಬರುತ್ತಿತ್ತು, ಅದೂ ನಿಜ.

ಹಾಗಾಗಿ ಒಳಗೆ ಇಬ್ಬರೇ ಹೆಂಗಸರು. ಕೆಂಜೆಗುಲ್‌ಳ ಎಡಗಾಲು ಕ್ಲಚ್ಚನ್ನು ಹುಡುಕಿ, ಇಲ್ಲದ್ದನ್ನು ತುಳಿದು, ಪೆಚ್ಚಾಗಿ ಸುಮ್ಮನಾಯಿತು. ಗಾಡಿ ಮೆಲ್ಲಗೆ ಹೊರಟಿತು. ಕನ್ನಡಿಯಲ್ಲಿ ಹಿಂದಿನ ಕಿಟಕಿಯ ಕೊಕ್ಕೆಗೆ ತೂಗುಹಾಕಿದ್ದ ಬಿಳಿಯ ಕೋಟು ಅಲ್ಲಾಡುತ್ತಿತ್ತು, ಅದರ ಜೇಬಿನಿಂದ ಸ್ಟೆತಸ್ಕೋಪಿನ ಕಪ್ಪು ಕೊಳವೆ ಇಣುಕುತ್ತಿತ್ತು. ಬಜಾರಿನ ಬೇಲಿಯನ್ನು ಒಂದು ಸುತ್ತು ಹಾಕುವವರೆಗೂ ಕೆಂಜೆಗುಲ್ ಅದನ್ನು ನೋಡಿಯೂ ನೋಡದವಳಂತೆ ಇದ್ದಳು. ಎರಡನೇ ಸುತ್ತಿಗೆ ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಎಜೆ, ನೀವು ಡಾಕ್ಟರಾ?” ಎಂದಳು, ಹಿರಿಯಕ್ಕನನ್ನು ಕರೆಯುವ ಹಾಗೆ.

“ಕೋಟು ನೋಡಿ ಕೇಳ್ತಿದೀಯಾ? ಹೌದು. ಮೂವತ್ತು ವರ್ಷದಿಂದ ಜನರ ನಾಲಿಗೆ ನೋಡ್ಕೊಂಡು ಕೂತಿದೀನಿ. ಅಲ್ಲಿ ಗುಂಡಿ ಇದೆ, ಎಡಕ್ಕೆ ತಗೋ.”

“ಒಂದು ರಕ್ತದ ರಿಪೋರ್ಟಿದೆ. ನಮ್ಮ ಪಕ್ಕದ ಮನೆಯವಳದ್ದು.”

“ಪಕ್ಕದ ಮನೆಯವಳದ್ದು ನಿನ್ನ ಫೋನಲ್ಲಿ ಇದೆಯಾ?” ಎಂದು ಅನಾರ್ಕುಲ್ ನಗದೆ ಕೇಳಿ ಕೈ ಚಾಚಿದಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಕೆಂಜೆಗುಲ್ ಅವಳ ಮುಖವನ್ನೇ ಓರೆಗಣ್ಣಲ್ಲಿ ನೋಡುತ್ತಿದ್ದಳು. ಮುಖದಲ್ಲಿ ಏನಾದರೂ ಬಿಗಿಯಾದರೆ, ಹುಬ್ಬು ಒಂದಿಷ್ಟು ಎದ್ದರೆ, ಎಲ್ಲ ಮುಗಿಯಿತು. “ರಸ್ತೆ ನೋಡು” ಎಂದಳು ಡಾಕ್ಟರು. “ಪಕ್ಕದ ಮನೆಯವಳಿಗೆ ಮೈಮೇಲೆ ಸುಮ್ಸುಮ್ನೆ ನೀಲಿ ಕಲೆ ಏಳತ್ತಾ?”

“ಇಲ್ಲ.”

“ಒಸಡಲ್ಲಿ ರಕ್ತ? ಜ್ವರ? ಮೈ ಇಳಿದು ಹೋಗಿದ್ಯಾ?”

“ಇಲ್ಲ. ತಲೆ ಸುತ್ತತ್ತೆ. ಮೆಟ್ಟಿಲು ಹತ್ತಿದ್ರೆ ಏದುಸಿರು. ಎಜೆ, ಪ್ಲೇಟ್‌ಲೆಟ್ ಗಾತ್ರ ಕಡಿಮೆ ಅಂತ ಇದೆಯಲ್ಲ. ಮಜ್ಜೆಯಲ್ಲಿ…”

“ಎಲ್ಲಿ ಓದಿದೆ? ಫೋನಲ್ಲಾ? ಫೋನಿಗೆ ಎಲ್ಲಾ ಮಜ್ಜೆನೇ.” ಅನಾರ್ಕುಲ್ ಪರದೆಯನ್ನು ಉಗುರಿನಿಂದ ಕುಟ್ಟಿದಳು. “ಇಲ್ಲಿ ಕೇಳು. ಪ್ಲೇಟ್‌ಲೆಟ್ ಎಷ್ಟಿದೆ ಅನ್ನೋದು ಒಂದು, ಅದರ ಗಾತ್ರ ಎಷ್ಟು ಅನ್ನೋದು ಇನ್ನೊಂದು. ನಿನ್ನದು, ನಿನ್ನ ಪಕ್ಕದ ಮನೆಯವಳದ್ದು, ಎಣಿಕೆ ಸರಿಯಾಗಿದೆ. ಗಾತ್ರ ಚೂರು ಚಿಕ್ಕದು. ಬರೀ ಅದೊಂದನ್ನ ನೋಡಿ ಯಾವ ಡಾಕ್ಟರೂ ಕಾಯಿಲೆ ಹೇಳಲ್ಲ. ಎಣಿಕೆನೂ ಬಿದ್ದು, ಬಿಳಿ ಕಣನೂ ಕೆಟ್ಟಿದ್ರೆ ಆಗ ಹೆದರೋಣ. ಬಿಳಿ ಕಣ ನೆಟ್ಟಗಿದೆ. ಗಿಡ್ಡ ಇದಾರೆ ಅಂತ ಆಳುಗಳು ಕೆಲಸ ಮಾಡಲ್ವಾ?”

“ಮತ್ತೆ ಬಾಣ?”

“ಬಾಣ ಇಲ್ಲೂ ಇದೆ ನೋಡು, ಹಿಮೋಗ್ಲೋಬಿನ್ ಮುಂದೆ. ಇದು ನಿನ್ನ ಕಣ್ಣಿಗೆ ಯಾಕೆ ಬೀಳ್ಲಿಲ್ಲ?”

ಬಿದ್ದಿತ್ತು. ಆದರೆ ಹಿಮೋಗ್ಲೋಬಿನ್ ಕಡಿಮೆ ಎನ್ನುವುದು ಕಾಯಿಲೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕಾರ್ಖಾನೆಯಲ್ಲಿ ಅವಳ ಸಾಲಿನ ಅಷ್ಟೂ ಹೆಂಗಸರಿಗೆ ಅದು ಕಡಿಮೆಯೇ. ಗೊತ್ತಿರುವ ಪದವೆಂದು ದಾಟಿಹೋಗಿ, ಗೊತ್ತಿಲ್ಲದ ಪದವನ್ನು ತಬ್ಬಿಕೊಂಡು ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದಳು. “ಅದು ಎಲ್ಲರಿಗೂ ಇರತ್ತಲ್ಲ, ಎಜೆ” ಎಂದಳು.

“ಎಲ್ಲರಿಗೂ ತಲೆನೂ ಸುತ್ತತ್ತೆ. ಊಟದ ಜೊತೆ ಎಷ್ಟು ಬಟ್ಟಲು ಚಹಾ ಕುಡೀತೀಯಾ?”

“ಎಲ್ಲರಿಗೂ ಸುರಿದು ಆದ ಮೇಲೆ ನಂದು. ಬ್ರೆಡ್ಡು, ಚಹಾ.”

“ಮಾಂಸ ಹಂಚ್ವಾಗ ನಿನ್ನ ಪಾಲಿಗೆ ಯಾವ ತುಂಡು ಬರತ್ತೆ?”

ಯಾವ ಮೂಳೆ ಯಾರಿಗೆ, ಕೊನೆಯದು ಸೊಸೆಗೆ ಎಂದು ಗೊತ್ತಿರುವ ಇಬ್ಬರು ಹೆಂಗಸರು ಒಂದೇ ಸಲಕ್ಕೆ ನಕ್ಕುಬಿಟ್ಟರು. “ಹಾಗಾದ್ರೆ ಇದೇ” ಎಂದಳು ಅನಾರ್ಕುಲ್. “ರಕ್ತದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಒಂದು ಪರೀಕ್ಷೆ ಮಾಡ್ಸು. ನಿಮ್ಮೂರ ಡಾಕ್ಟರ ಹತ್ರ ಮಾತ್ರೆ ಬರೆಸ್ಕೋ. ಊಟದ ಜೊತೆ ಚಹಾ ಬಿಡು, ಅದು ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. ಲಿವರ್ ತಿನ್ನು. ಎರಡು ತಿಂಗಳಾದ್ಮೇಲೆ ಮತ್ತೆ ರಕ್ತ ನೋಡ್ಸು. ಇಷ್ಟೇ.”

ಗಾಡಿ ಬೇಲಿಯ ಪಕ್ಕ ತಾನಾಗಿ ನಿಂತಿತ್ತು. ಅವಳ ಕಾಲು ಬ್ರೇಕಿನ ಮೇಲಿತ್ತು, ಅವಳಿಗೆ ತಿಳಿಯದೆ. ಇಷ್ಟೇ. ಎದೆಯೊಳಗೆ ಏನೋ ಸಡಿಲವಾಗುವಷ್ಟರಲ್ಲಿ ಸಂಶಯ ಬಂದು ಅದನ್ನು ಹಿಡಿದುಕೊಂಡಿತು. ಇವಳು ಗಾಡಿ ಮಾರುವವಳು. ಕೊಳ್ಳಲು ಬಂದವಳಿಗೆ ನಿನಗೆ ಕಾಯಿಲೆ ಎಂದು ಯಾರಾದರೂ ಹೇಳುತ್ತಾರೆಯೇ? ನೀಲಿ ಗಾಡಿಯ ಯುವಕನೂ ಎಲ್ಲ ಸರಿಯಾಗಿದೆ ಎಂದೇ ಹೇಳಿದ್ದ, ಅದೇ ದನಿಯಲ್ಲಿ, ಬಾಗಿಲ ಮೇಲೆ ಅದೇ ಥರ ಕೈಯಿಟ್ಟುಕೊಂಡು. ಕೆಂಜೆಗುಲ್‌ಳ ಹೆಬ್ಬೆರಳು ಮತ್ತೆ ಉಂಗುರದ ಬೆರಳಿನ ತುದಿಯನ್ನು ಹುಡುಕಿಕೊಂಡು ಹೋಯಿತು.

“ಯಾವೂರು ನಿಮ್ದು?” ಎಂದು ಕೇಳಿದಳು ಅನಾರ್ಕುಲ್. ಕೊಚ್ಕೋರ್ ಎಂದದ್ದಕ್ಕೆ ಅವಳ ಹುಬ್ಬು ಎದ್ದಿತು. ಎದ್ದ ಹುಬ್ಬನ್ನು ಕೆಂಜೆಗುಲ್ ನೋಡಿದಳು. “ಹಾಗಾದ್ರೆ ಕಣಿವೆ ಹತ್ತಬೇಕು. ಕೇಳು ತಂಗಿ, ಈ ಗಾಡಿ ಏರಲ್ಲಿ ಬಿಸಿಯಾಗತ್ತೆ. ಊರೊಳಗೆ ಓಡಿಸೋರಿಗೆ ಗೊತ್ತೇ ಆಗಲ್ಲ, ಅದಕ್ಕೆ ನಾನು ಯಾರಿಗೂ ಹೇಳ್ಲಿಲ್ಲ ಬೆಳಿಗ್ಗೆಯಿಂದ. ರೇಡಿಯೇಟರ್ ತೊಳೆಸ್ಬೇಕು. ದಾರಿಯಲ್ಲಿ ಬಿಸಿ ತೋರಿಸೋ ಮುಳ್ಳು ಮೇಲೆ ಹೋದ್ರೆ ಒಳಗಿನ ಹೀಟರ್ ಪೂರ್ತಿ ಹಾಕು, ಬೇಯ್ತೀರ, ಬೇಯ್ರಿ. ಆಗ್ಲೂ ಇಳೀಲಿಲ್ಲ ಅಂದ್ರೆ ನಿಲ್ಸಿ ಆರಿಸು. ಬಿಸಿ ಇರೋವಾಗ ಮುಚ್ಚಳ ಮಾತ್ರ ತೆಗೀಬೇಡ. ನಿಮ್ಮ ಮಾವಂಗೂ ಹೇಳು. ಬೇಡ ಅಂದ್ರೆ ನನಗೇನೂ ಬೇಜಾರಿಲ್ಲ.”

ಇಷ್ಟು ಹೇಳಿ ಅವಳು ಬೀಜ ಒಡೆಯಲು ಶುರುಮಾಡಿದಳು. ತನ್ನ ಗಾಡಿಯ ಜ್ವರವನ್ನು ಕೇಳದೆಯೇ ಹೇಳಿದವಳು ನನ್ನ ರಕ್ತದ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ. ಕೆಂಜೆಗುಲ್‌ಗೆ ಅಳು ಬಂತು. ತಡೆದುಕೊಳ್ಳಲಿಲ್ಲ, ತಡೆಯಬೇಕೆಂದು ತೋರಲೂ ಇಲ್ಲ. ಸ್ಟಿಯರಿಂಗಿಗೆ ಹಣೆಯಿಟ್ಟು, ಹಾರ್ನಿಗೆ ತಾಗದ ಹಾಗೆ ಒಂದಿಷ್ಟು ಅತ್ತಳು. ಸಾಯುವುದಿಲ್ಲ. ಮಗನ ಅಂಗಿಗೆ ಕಾಲರು ತಾನೇ ಕೂಡಿಸುತ್ತಾಳೆ. ಆರು ಜನ ಕಾಯುವುದಿಲ್ಲ. ಅನಾರ್ಕುಲ್ ಒಂದು ಮುಷ್ಟಿ ಬೀಜವನ್ನು ಅವಳ ಮಡಿಲಿಗೆ ಹಾಕಿ, “ಪಕ್ಕದ ಮನೆಯವಳಿಗೂ ಕೊಡು” ಎಂದಳು.

ವಾಪಸು ಬಂದಾಗ ಆತಾ, “ಶಬ್ದ ಚೆನ್ನಾಗಿದೆ” ಎಂದರು. ಕೆಂಜೆಗುಲ್ ಮೊದಲ ಬಾರಿಗೆ ಮಾವನ ಎದುರು, ಅವರು ಕೇಳದೆಯೇ ಬಾಯಿಬಿಟ್ಟಳು. “ಏರಲ್ಲಿ ಬಿಸಿಯಾಗತ್ತಂತೆ, ಆತಾ. ರೇಡಿಯೇಟರ್ ತೊಳೆಸ್ಬೇಕಂತೆ. ಆದರೂ ಇದೇ ಇರ್ಲಿ. ಎರಡು ಕಡೆ ಬಾಗಿಲಿದೆ. ಅಪಾಗೆ ಮೆಟ್ಟಿಲು ಹಿಡಿಸಿದೆ.” ತಿಲೆಕ್ ಹೆಂಡತಿಯನ್ನೂ ಅಪ್ಪನನ್ನೂ ನೋಡಿದ. ಆತಾ, “ಇಷ್ಟು ನಿಜ ಹೇಳಿ ಮಾರೋರು ಇನ್ನೂ ಇದಾರಾ?” ಎಂದು ಅನಾರ್ಕುಲ್‌ಳ ಕಡೆ ಕೈ ಚಾಚಿದರು. ಅಲ್ಲೇ, ಬೀಜದ ಸಿಪ್ಪೆಗಳ ಮೇಲೆ ನಿಂತು ಎಲ್ಲರೂ ಅಂಗೈ ಬಿಡಿಸಿದರು, ಆತಾ ಹರಸಿದರು, ಓಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಂಡರು.

ಆಮೇಲೆ ಕೂರುವ ಪ್ರಶ್ನೆ. ಅಪಾ ತಮ್ಮ ತೋರಿಗೆ ಹೋದರು. ತಿಲೆಕ್ ಮುಂದೆ, ಹೆಂಡತಿಯ ಎಡಕ್ಕೆ. ಆತಾ ನಡುವಿನ ಸಾಲಿನಲ್ಲಿ, ಸರಿಯಾಗಿ ಅವಳ ಹಿಂದೆ. ಬಿಷ್ಕೆಕ್ಕು ದಾಟಿ, ಬಯಲು ದಾಟಿ, ಕಣಿವೆಯ ಬಾಯಿ ತಲುಪುವವರೆಗೂ ಕೆಂಜೆಗುಲ್‌ಳ ಬೆನ್ನು ಬೆನ್ನಾಗಿ ಉಳಿದಿರಲಿಲ್ಲ. ಅಲ್ಲಿ ಎರಡು ಕಣ್ಣುಗಳು ಕೂತಿದ್ದವು. ಭುಜವನ್ನು ಒಳಕ್ಕೆ ಎಳೆದುಕೊಂಡು, ಸಾಧ್ಯವಾದಷ್ಟು ಚಿಕ್ಕದಾಗಿ, ಓರೆಯಾಗಿ ಕೂತಳು. ಆ ಓರೆಯಲ್ಲಿ ಸೊಂಟ ನೋಯಲು ಶುರುವಾಯಿತು. ಕೆಮ್ಮು ಈಗ ಬರುತ್ತದೆ, ಈ ಸೇತುವೆಯ ನಂತರ ಬರುತ್ತದೆ. ಸಾವು ದೂರ ಹೋಯಿತೆಂದು ಅತ್ತವಳಿಗೆ ಒಂದು ಕೆಮ್ಮಿನ ಭಯ. ಮನುಷ್ಯರ ವಿಷಯವೇ ಹೀಗೆ.

ಕಣಿವೆಯಲ್ಲಿ ಕಲ್ಲಿದ್ದಲಿನ ಲಾರಿಯೊಂದು ಮುಂದೆ ಸಿಕ್ಕಿತು. ತೆವಳುತ್ತಿತ್ತು. ಅದರ ಹಿಂದೆ ತೆವಳಿ ತೆವಳಿ ಮುಳ್ಳು ಮೇಲೇರಿತು. ಅವಳು ಹೀಟರು ಹಾಕಿದಳು. ಬಿಸಿಗಾಳಿ ಬುಸ್ಸೆಂದಿತು. ಅಪಾ ಹಿಂದಿನಿಂದ, “ಯಾಕೇ, ನಮ್ಮನ್ನ ಹಬೆಯಲ್ಲಿ ಬೇಯಿಸ್ತೀಯಾ?” ಎಂದರು. “ಸುಮ್ನಿರು, ಸರಿಯಾಗೇ ಮಾಡ್ತಿದಾಳೆ” ಎಂದಿತು ನಡುವಿನ ಸಾಲು. ಕನ್ನಡಿಯಲ್ಲಿ ನೋಡಿದರೆ ಆತಾ ಕಲ್ಪಾಕ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೋಳಾದ, ನಡುವೆ ಸ್ವಲ್ಪ ಚಪ್ಪಟೆಯಾದ ತಲೆ, ಬೆವರಿ ಹೊಳೆಯುತ್ತಿತ್ತು. ಈ ಮನೆಗೆ ಬಂದಾಗಿನಿಂದ ಅವಳು ಆ ತಲೆಯನ್ನು ನೋಡಿರಲಿಲ್ಲ. ಕಣ್ಣು ತೆಗೆದಳು.

ಲಾರಿಯನ್ನು ದಾಟಬೇಕು. ಬಲಗಡೆ ಕೂತವಳಿಗೆ ಎದುರಿನ ರಸ್ತೆ ಕಾಣುವುದಿಲ್ಲ, ಎಡಗಡೆ ಕೂತವರು ನೋಡಿ ಹೇಳಬೇಕು. ತಿಲೆಕ್ ಕಿಟಕಿಗೆ ಕೆನ್ನೆಯಿಟ್ಟು ಇದ್ದೊಂದು ಕಣ್ಣಲ್ಲಿ ನೋಡಿದ. “ಹೋಗು” ಎಂದ. ಅವಳು ಎಡಕ್ಕೆ ತಿರುಗಿಸಿದಳು. “ಬಲಕ್ಕೆ ಬಾ” ಎಂದು ಎಡಕ್ಕೆ ವಾಲಿ ನೋಡುತ್ತಿದ್ದ ಆತಾ ಹಿಂದಿನಿಂದ ಅಂದರು, ಕೂಗಲ್ಲ, ಕಬ್ಬಿಣದಂಥ ದನಿ. ಅವಳ ಕೈ ಯೋಚಿಸುವ ಮೊದಲೇ ತಿರುಗಿತು, ಬಸ್ಸೊಂದು ಹಾರ್ನು ಎಳೆಯುತ್ತಾ ಪಕ್ಕದಲ್ಲೇ ಹೋಯಿತು. ನದಿಯ ಬದಿಯಲ್ಲಿ ಜಾಗ ಸಿಕ್ಕಿದ ಕಡೆ ನಿಲ್ಲಿಸಿ ಎಂಜಿನ್ ಆರಿಸಿದಳು. ತಿಲೆಕ್ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾ, “ದೂರ ಇದ್ದ ಹಾಗೆ ಕಾಣ್ತು” ಎಂದ. ಅವನ ಕಿವಿ ಕೆಂಪಾಗಿತ್ತು. ಹಳೆಯ ಒಲೆಯ ಮುಂದೆ ತನ್ನ ಕಿವಿ ಕೆಂಪಾದದ್ದು ನೆನಪಾಗಿ ಅವಳಿಗೆ ಗಂಡನ ಮೇಲೆ ತುಂಬ ಪ್ರೀತಿ ಬಂತು.

ಆತಾ ಇಳಿದರು. ನದಿಯಲ್ಲಿ ಮುಖ ತೊಳೆದು, ಕಲ್ಪಾಕ್ ಹಾಕಿಕೊಂಡು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಬಿಸಿ ನೋಡಿದರು. ಎಂಜಿನ್ ತಣಿಯುವವರೆಗೂ ಹಾಗೆಯೇ ನಿಂತಿದ್ದು, ಎಡಗಡೆಯ ಮುಂದಿನ ಬಾಗಿಲನ್ನು ತೆರೆದು ಮಗನಿಗೆ, “ಹಿಂದೆ ಹೋಗು” ಎಂದರು. ಆದರೆ ಹತ್ತಲಿಲ್ಲ. ಒಳಗೆ ಸೊಸೆ ಇದ್ದಳು. ಮಾವ ಸೊಸೆ ಭುಜಕ್ಕೆ ಭುಜ ತಾಗುವ ಹಾಗೆ ಕೂತದ್ದನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ.

“ಹತ್ತೋ ಮುದುಕ, ಅವಳೇನು ಕಚ್ಚಲ್ಲ” ಎಂದರು ಅಪಾ ತೋರಿನಿಂದ.

ಆತಾ ಹತ್ತಿದರು. ಎದುರಿಗೆ ನೋಡುತ್ತಲೇ ಹೇಳಿದರು: “ಕೆಲಿನ್, ನೆಟ್ಟಗೆ ಕೂತ್ಕೋ. ಹಾಗೆ ಮುದುಡಿಕೊಂಡ್ರೆ ಕೈ ಆಡಲ್ಲ. ನಾನು ನೋಡಿ ಹೇಳ್ತೀನಿ. ಹೇಳೋವರೆಗೂ ಹೋಗಬೇಡ. ಹೇಳಿದ ಮೇಲೆ ನಿಲ್ಲಬೇಡ.”

ಅವಳು ನೆಟ್ಟಗೆ ಕೂತಳು. ಬೆನ್ನು ಸೀಟಿಗೆ ಪೂರ್ತಿ ತಾಗಿತು. ಇಷ್ಟು ಅಗಲದ ಬೆನ್ನು ತನಗಿದೆಯೆಂದು ಗೊತ್ತೇ ಇರಲಿಲ್ಲ. ಅದೇ ಲಾರಿಯನ್ನು ಮೇಲಿನ ತಿರುವಿನಲ್ಲಿ ಮತ್ತೆ ಹಿಡಿದರು. ಆತಾ ಕುತ್ತಿಗೆ ಚಾಚಿ ಕಾದರು, ಕಾದರು, ಒಂದು ಕಾರು ಹೋಗಲು ಬಿಟ್ಟರು, ಇನ್ನೊಂದನ್ನು ಬಿಟ್ಟರು. “ಹೋಗು, ಖಾಲಿ ಇದೆ.” ಅವಳು ಹೋದಳು. ಕಲ್ಲಿದ್ದಲಿನ ಧೂಳು, ಲಾರಿಯ ಉದ್ದನೆಯ ಹೊಟ್ಟೆ, ಚಾಲಕನ ಬೆರಗಿನ ಮುಖ ಎಲ್ಲ ಹಿಂದೆ ಉಳಿದು, ಮುಂದೆ ಬರೀ ರಸ್ತೆ, ರಸ್ತೆಯ ಮೇಲೆ ಬಿಸಿಲು. ಇನ್ನೊಂದು ಲಾರಿ. ಹೋಗು, ಖಾಲಿ ಇದೆ. ಕುರಿಗಳನ್ನು ತುಂಬಿದ ಟ್ರಕ್ಕು. ಹೋಗು, ಖಾಲಿ ಇದೆ. ಬೆಳಿಗ್ಗೆ ತಾವು ಬಂದಿದ್ದ ಬಾಡಿಗೆ ವ್ಯಾನು ಸಿಕ್ಕಾಗ ಹಿಂದಿನ ಸಾಲಿನಿಂದ ಅಪಾ, “ಇದನ್ನ ಮಾತ್ರ ನಿಧಾನಕ್ಕೆ ದಾಟು, ಅವರು ನನ್ನನ್ನ ಸರಿಯಾಗಿ ನೋಡ್ಲಿ” ಎಂದು ಕಿಟಕಿಗೆ ಮುಖ ಇಟ್ಟು ಮಹಾರಾಣಿಯ ಗತ್ತಿನಲ್ಲಿ ಕೂತರು. ನಡುವಿನ ಸಾಲಿನಿಂದ ತಿಲೆಕ್ ಜೋರಾಗಿ ನಕ್ಕ. ಕೆಂಜೆಗುಲ್‌ಗೆ ಮೈಯೆಲ್ಲ ಹಾಡಿದ ಹಾಗಾಯಿತು. ಅವಳ ರಕ್ತದಲ್ಲಿ ಆ ಸಣ್ಣ ಸಣ್ಣ ಬಿಲ್ಲೆಗಳು, ಗಿಡ್ಡ ಆಳುಗಳು, ಎಣಿಕೆಗೆ ಸರಿಯಾಗಿ, ತಮ್ಮ ಪಾಡಿಗೆ ಓಡುತ್ತಿದ್ದವು.

ಊರು ತಲುಪಿದಾಗ ಇನ್ನೂ ಬೆಳಕಿತ್ತು. ಮಕ್ಕಳು ಓಡಿ ಬಂದು ಎರಡೂ ಬಾಗಿಲುಗಳಿಂದ ಹತ್ತಿ ಇಳಿದರು. ಹೊಸ ಗಾಡಿಗೆ ರಕ್ತ ತೋರಿಸಬೇಕೆಂದು ತಿಲೆಕ್ ಒಂದು ಟಗರು ಕೊಯ್ದ. ಆತಾ ನಡುಗುವ ಬೆರಳುಗಳನ್ನು ಬಟ್ಟಲಲ್ಲಿ ಅದ್ದಿ ಮುಂದಿನ ಚಕ್ರಕ್ಕೆ ಹಚ್ಚಿದರು. ಎಲ್ಲರೂ ಒಳಗೆ ಹೋದ ಮೇಲೆ ಕೆಂಜೆಗುಲ್ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಳು. ರಬ್ಬರಿನ ಮೇಲೆ ಇಳಿಯುತ್ತಿದ್ದ ರಕ್ತ ನಿಧಾನವಾಯಿತು, ಮಂಕಾಯಿತು, ನಿಂತಿತು. ಹೆಪ್ಪುಗಟ್ಟಿದ್ದನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು. ತಲೆವಸ್ತ್ರದ ಪಿನ್ನನ್ನು ಅದರ ಜಾಗಕ್ಕೆ ಗಟ್ಟಿಯಾಗಿ ಸಿಕ್ಕಿಸಿದಳು.

ಊಟಕ್ಕೆ ಕೂತಾಗ ಎಂದಿನಂತೆ ಅವಳು ಬಾಗಿಲ ಬಳಿ, ಚಹಾದ ಪಾತ್ರೆಯ ಪಕ್ಕ. ಎಲ್ಲರಿಗೂ ಸುರಿದು, ತನ್ನ ಬಟ್ಟಲನ್ನು ಮಗುಚಿಟ್ಟಳು. ಅಪಾ ಅದನ್ನು ಕಂಡರು. “ಯಾಕೆ, ಚಹಾ ಸೇರಲ್ವಾ ಇವತ್ತು?”

“ನನಗೆ ರಕ್ತ ಕಡಿಮೆ ಇದೆ, ಅಪಾ. ಪರೀಕ್ಷೆ ಮಾಡ್ಸಿದ್ದೆ. ಹೇಳಿರ್ಲಿಲ್ಲ, ಹೆದರಿಕೊಂಡಿದ್ದೆ. ಗಾಡಿ ಮಾರಿದ ಎಜೆ ಡಾಕ್ಟರು. ಹೆದರೋದೇನಿಲ್ಲ, ಊಟದ ಜೊತೆ ಚಹಾ ಬಿಡು, ಲಿವರ್ ತಿನ್ನು ಅಂದ್ರು.”

ತಿಲೆಕ್‌ನ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಸೊಸೆ ಇಂಥದ್ದು ತಿನ್ನಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಈ ಮನೆಯಲ್ಲಿ ಇದೇ ಮೊದಲು. ಆತಾ ತಮ್ಮ ಮುಂದಿದ್ದ ಹುರಿದ ಲಿವರಿನ ತಟ್ಟೆಯನ್ನು ನೋಡಿದರು. ಎರಡೂ ಕೈಯಲ್ಲಿ ಹಿಡಿದು, ನಡುಗಿಸುತ್ತಲೇ, ಮೇಜಿನುದ್ದಕ್ಕೂ ಅವಳ ಕಡೆ ತಳ್ಳಿದರು.

“ಮೊದಲು ಡ್ರೈವರ್ ತಿನ್ನಬೇಕು. ಲಾರಿ ಕಾಲದಲ್ಲೂ ಹಾಗೇ ಇತ್ತು.”

ಅವಳು ತಿಂದಳು. ಎಲ್ಲರ ಎದುರಿಗೆ, ಅವಸರವಿಲ್ಲದೆ, ಎಣ್ಣೆ ಹತ್ತಿದ ಬೆರಳು ನೆಕ್ಕಿಕೊಂಡು ತಿಂದಳು. ನೀರು ಬೇಕಾಯಿತು. ತರಲು ಎದ್ದು, ತಲೆಯೊಳಗೆ ಇನ್ನೂ ಆ ಕಣಿವೆಯ ತಿರುವುಗಳೇ ಓಡುತ್ತಿದ್ದುದರಿಂದ, ಸುಮ್ಮನೆ ತಿರುಗಿ ನಡೆದುಬಿಟ್ಟಳು. ಹೊಸಿಲಿನ ಮೇಲೆ ಕಾಲಿಟ್ಟಾಗ ತಿಳಿಯಿತು. ಇಡೀ ಕೋಣೆ, ತೋರಿನಲ್ಲಿ ಕೂತ ಮಾವ, ಎಲ್ಲ ಅವಳ ಬೆನ್ನ ಹಿಂದಿತ್ತು. ಕಾಲು ನಿಂತಿತು. ಕೆಮ್ಮಿಗಾಗಿ ಕಾದಳು. ಹಿಂದೆ ಬಟ್ಟಲೊಂದು ತಟ್ಟೆಯ ಮೇಲೆ ಕೂತ ಸದ್ದಾಯಿತು. ಯಾರೋ ಗಂಟಲು ಸರಿಮಾಡಿಕೊಂಡರು.

“ಹೋಗು” ಎಂದರು ಆತಾ. “ಖಾಲಿ ಇದೆ.”